ಕೆಂಪಾಗದ ಅರಿಶಿನ

ಮೊಮ್ಮಗಳ ಹಣೆ ಮುಟ್ಟಿದ ಮುನಿಶಾಮಮ್ಮ, ಕಾದ ಬಾಣಲೆ ತಾಗಿದವರಂತೆ ಕೈ ಹಿಂದಕ್ಕೆಳೆದುಕೊಂಡರು.

“ಭವ್ಯಾ! ಏಯ್ ಭವ್ಯಾ! ಏಳೇ!”

ಹುಡುಗಿ ಏಳಲಿಲ್ಲ. ಹಲಸೂರಿನ ಆ ಹಳೇ ಮನೆಯ ಮಹಡಿ ಕೋಣೆಯಲ್ಲಿ ಫ್ಯಾನು ಜೋರಾಗಿ ತಿರುಗುತ್ತಿತ್ತು. ಕಿಟಕಿಗಳೆಲ್ಲ ತೆರೆದಿದ್ದವು. ಆದರೂ ಭವ್ಯಳ ಮೈಯಿಂದ ಬೆವರು ಇಳಿಯುತ್ತಲೇ ಇತ್ತು. ಮೆಟ್ಟಿಲು ಹತ್ತಿ ಓಡಿ ಬಂದವಳ ಹಾಗೆ ಉಸಿರಾಟ. ದಿಂಬಿನ ಮೇಲೆ, ಹಾಸಿಗೆಯ ಮೇಲೆ, ನೈಟಿಯ ಕತ್ತಿನ ಸುತ್ತ — ಎಲ್ಲೆಲ್ಲೂ ಹಳದಿ.

ಆ ಹಳದಿ ಯಾರ ಕಣ್ಣಿಗೂ ವಿಶೇಷವಾಗಿ ಬೀಳಲಿಲ್ಲ. ಹಿಂದಿನ ದಿನ ತಾನೇ ಅವಳಿಗೆ ಅರಿಶಿನ ಶಾಸ್ತ್ರವಾಗಿತ್ತು. ಬಾಗಿಲಲ್ಲಿ ಚಪ್ಪರವಿತ್ತು. ಇನ್ನೇನು ಮದುವೆ.

ಅಣ್ಣ ಪ್ರೇಮ್‌ಕುಮಾರ್ ತಂಗಿಯನ್ನು ಎತ್ತಿಕೊಂಡೇ ಮೆಟ್ಟಿಲಿಳಿದ. ಕಾರು ಹಳೇ ಮದ್ರಾಸ್ ರಸ್ತೆಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಭವ್ಯ ಏನೇನೋ ಬಡಬಡಿಸುತ್ತಿದ್ದಳು.

ಇಷ್ಟನ್ನೂ ಆಹಾರ ಸುರಕ್ಷತಾ ಅಧಿಕಾರಿ ಮಜೀದಾ ಕೇಳಿದ್ದು ತೀವ್ರ ನಿಗಾ ಘಟಕದ ಬಾಗಿಲ ಹೊರಗೆ ನಿಂತು. ಅವಳನ್ನು ಕರೆಸಿದವನು ಹಲಸೂರು ಠಾಣೆಯ ಸಬ್ ಇನ್‌ಸ್ಪೆಕ್ಟರ್ ಅಮರಪ್ಪ. ಶಿವಾಜಿನಗರದಲ್ಲಿ ಹುಟ್ಟಿ ಬೆಳೆದ ಮಜೀದಾ, ರಾಯಚೂರು ಕಡೆಯ ಅಮರಪ್ಪ — ಇಬ್ಬರೂ ಕೂಡಿ ಹಿಂದೆ ಕಲಬೆರಕೆ ತುಪ್ಪದ ಜಾಲವೊಂದನ್ನು ಹಿಡಿದವರು.

“ಮೇಡಂ, ಇದು ನನಗ ತಿಳಿಯೋದಲ್ಲ,” ಎಂದ ಅಮರಪ್ಪ. “ಹುಡುಗಿ ತೂಕ ಇಳಿಸಾಕ ಏನೇನೋ ತಿಂದಾಳಂತ. ಪುಡಿ, ಗುಳಿಗಿ... ನೀವ ಹೇಳಬೇಕು.”

ವೈದ್ಯೆ ಹೊರಗೆ ಬಂದರು.

“ಡೆಂಗಿ ಅಲ್ಲ. ಮಲೇರಿಯಾ ಅಲ್ಲ. ಸೋಂಕಿನ ಸುಳಿವೇ ಇಲ್ಲ. ಜ್ವರದ ಔಷಧಿ ಕೊಟ್ಟರೂ ಮೈ ಬಿಸಿ ಇಳೀತಾ ಇಲ್ಲ. ಇದು ಜ್ವರ ಅಲ್ಲ ಮೇಡಂ. ಒಳಗಿಂದ ಏನೋ ಸುಡ್ತಾ ಇದೆ.”

“ವಿಷ?”

“ಮಾಮೂಲಿ ವಿಷದ ಲಕ್ಷಣ ಯಾವುದೂ ಸಿಗ್ತಿಲ್ಲ. ಏನು ತಗೊಂಡಿದ್ದಾಳೆ ಅಂತ ಗೊತ್ತಾಗ್ಬೇಕು. ಗೊತ್ತಾದ್ರೆ ಹೋರಾಡ್ತೀವಿ. ಇಲ್ದಿದ್ರೆ ಕತ್ತಲಲ್ಲಿ ಕೋಲು ಬೀಸಿದ ಹಾಗೆ. ಬೇಗ ಹೇಳಿ — ಈ ಹುಡುಗಿಗೆ ಜಾಸ್ತಿ ಟೈಮ್ ಇಲ್ಲ.”

ಗೋಡೆಗೊರಗಿ ನಿಂತಿದ್ದ ಪ್ರೇಮ್‌ಕುಮಾರ್ ಮುಂದೆ ನುಗ್ಗಿದ.

“ನಾನು ಹೇಳ್ತಾನೇ ಇದೀನಿ ಸಾರ್! ಆ ಜಿಮ್‌ನೋನು, ಭೀಮೇಶ್! ಡಬ್ಬ ಡಬ್ಬ ಪೌಡರ್ ಮಾರಿದಾನೆ ನನ್ನ ತಂಗಿಗೆ. ಅವನನ್ನ ಎಳ್ಕೊಂಬನ್ನಿ, ಬಾಯಿ ಬಿಡ್ತಾನೆ!”

ಅವನ ಹೆಂಡತಿ ಸುಕನ್ಯ ಅವನ ತೋಳು ಹಿಡಿದಳು. “ರೀ, ಸುಮ್ನಿರಿ. ಅವರ ಕೆಲಸ ಅವರು ಮಾಡ್ಲಿ.” ಮಜೀದಾಳ ಕಡೆ ತಿರುಗಿ, “ಮನೇಲಿ ಅವಳ ರೂಮಿದೆ ಮೇಡಂ. ಅವಳು ತಗೋತಿದ್ದಿದ್ದೆಲ್ಲ ಅಲ್ಲೇ ಇದೆ. ಬನ್ನಿ, ತೋರಿಸ್ತೀನಿ,” ಎಂದಳು.

* * *

ಭವ್ಯಳ ಮೇಜಿನ ಮೇಲೆ ಮೂರು ವಸ್ತುಗಳಿದ್ದವು. ಒಂದು ದೊಡ್ಡ ಪ್ರೋಟೀನ್ ಡಬ್ಬ. ಹೆಸರಿಲ್ಲದ ಕಾಗದದ ಪೊಟ್ಟಣದಲ್ಲಿ ಒಣ ಬೇರು–ಬೀಜ. ಇನ್ನೊಂದು ಹಸಿರು ಲೇಬಲ್ಲಿನ ಪುಟ್ಟ ಬಾಟಲಿ — ಗ್ರೀನ್ ಟೀ ಸತ್ವದ ಕ್ಯಾಪ್ಸೂಲು.

ಮಜೀದಾ ಕೈಗವಸು ಹಾಕಿಕೊಂಡು ಬಾಟಲಿಯನ್ನು ಬೆಳಕಿಗೆ ಹಿಡಿದಳು. ಲೈಸೆನ್ಸ್ ಸಂಖ್ಯೆ ಇತ್ತು. ಬ್ಯಾಚು, ತಯಾರಿಕೆಯ ದಿನಾಂಕ ಇದ್ದವು. ‘ಔಷಧೀಯ ಬಳಕೆಗಲ್ಲ’ ಎಂಬ ಎಚ್ಚರಿಕೆಯೂ ಇತ್ತು. ಮೊಬೈಲಿನಲ್ಲಿ ಆ ಸಂಖ್ಯೆ ಹುಡುಕಿದಳು. ಸಾಚಾ ಲೈಸೆನ್ಸು, ಚಾಲ್ತಿಯಲ್ಲಿದೆ.

“ಕಾಗದಪತ್ರ ಸರಿ ಐತಂದ್ರ ಒಳಗಿನ ಮಾಲೂ ಸರಿನ?” ಅಮರಪ್ಪ ಕೇಳಿದ.

“ಹಂಗೇನಿಲ್ಲ ಸಾರ್. ಸಪ್ಲಿಮೆಂಟು ಅಂದ್ರೆ ಕಾನೂನಿನ ಲೆಕ್ಕದಲ್ಲಿ ಆಹಾರ, ಔಷಧಿ ಅಲ್ಲ. ಔಷಧೀನ ಮಾರೋಕೆ ಮುಂಚೆ ವರ್ಷಗಟ್ಟಲೆ ಪರೀಕ್ಷೆ ಮಾಡ್ತಾರೆ. ಇದಕ್ಕೆ ಅಷ್ಟಿಲ್ಲ. ಲೈಸೆನ್ಸು, ಲೇಬಲ್ಲು ಇದ್ರೆ ಅಂಗಡಿಗೆ ಬರುತ್ತೆ. ನಾವು ಹೋಗಿ ಸ್ಯಾಂಪಲ್ ತೆಗೆಯೋವರೆಗೂ ಒಳಗೇನಿದೆ ಅಂತ ದೇವರಿಗೆ ಗೊತ್ತು, ತುಂಬಿದೋನಿಗೆ ಗೊತ್ತು.”

“ಆ ಬಾಟ್ಲು ನಾನೇ ತರಿಸಿಕೊಟ್ಟಿದ್ದು,” ಸುಕನ್ಯ ಮುಂದೆ ಬಂದಳು. “ನಾನು ಹೆಲ್ತ್, ಬ್ಯೂಟಿ ಬಗ್ಗೆ ಆನ್‌ಲೈನ್ ಪೇಜ್ ನಡೆಸ್ತೀನಿ ಮೇಡಂ. ಕಂಡಕಂಡಿದ್ದೆಲ್ಲ ಕೊಡಲ್ಲ. ಇದನ್ನ ನಾನೂ ತಗೋತೀನಿ. ನೋಡಿ ಬೇಕಾದ್ರೆ—”

ಯಾರೂ ತಡೆಯುವ ಮೊದಲೇ ಅವಳು ಬಾಟಲಿಯಿಂದ ಒಂದು ಕ್ಯಾಪ್ಸೂಲು ತೆಗೆದು ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಲೋಟ ಹಿಡಿದ ಅವಳ ಬೆರಳ ತುದಿಗಳೂ ಉಗುರ ಸಂದಿಯೂ ಹಳದಿಯಾಗಿದ್ದವು — ಮದುವೆ ಮನೆಯ ಹೆಂಗಸಿನ ಕೈ.

“ಮೇಡಂ, ಹಂಗೆಲ್ಲ ಮಾಡ್ಬೇಡಿ!” ಮಜೀದಾ ಬಾಟಲಿ ಕಿತ್ತುಕೊಂಡಳು. ಬಾಟಲಿ ಕತ್ತಿನವರೆಗೂ ತುಂಬಿತ್ತು. “ಇದು ಹೊಸದಾ?”

“ಹೌದು. ಹಳೇದು ಮುಗೀತು, ಮೊನ್ನೆ ಇದನ್ನ ಓಪನ್ ಮಾಡಿದ್ಳು.”

“ಹಳೇ ಬಾಟ್ಲು?”

“ಕಸದ ಗಾಡಿಗೆ ಹೋಯ್ತು.” ಸುಕನ್ಯ ಕಣ್ಣೊರೆಸಿಕೊಂಡಳು. “ನನಗೆ ಭಯ ಇರೋದು ಈ ಎರಡರ ಮೇಲೆ. ಜಿಮ್‌ನೋನ ಪೌಡರು, ಆಮೇಲೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟಲ್ಲಿ ಕಮರುನ್ನೀಸಾ ಅನ್ನೋರು ಕೊಟ್ಟ ಈ ಪೊಟ್ಟಣ. ಬೇಡ ಅಂತ ಎಷ್ಟು ಸಲ ಹೇಳಿದೆ. ಕೇಳಬೇಕಲ್ಲ?”

ಕೆಳಗೆ ನಡುಮನೆಯಲ್ಲಿ ಮುನಿಶಾಮಮ್ಮ ಗೋಡೆಗೆ ಒರಗಿ ಕುಳಿತಿದ್ದರು. ಹಲಸೂರು ಇನ್ನೂ ಹಳ್ಳಿಯಾಗಿದ್ದಾಗ ಇದೇ ಜಾಗದಲ್ಲಿ ಸೊಪ್ಪು ಬೆಳೆದ ಕೈಗಳು ಈಗ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಅಪ್ಪ–ಅಮ್ಮ ಇಲ್ಲದ ಭವ್ಯಳನ್ನು ಸಾಕಿದ ಕೈಗಳು.

“ಅಜ್ಜಿ, ನಿನ್ನೆ ಶಾಸ್ತ್ರದಲ್ಲಿ ಅವಳು ಹುಷಾರಾಗಿದ್ಳಾ?”

“ಏನು ಹುಷಾರು? ಬಿಸಿ ಬಿಸಿ ಅಂತಿದ್ಳು. ಅರಿಶಿನ ಹಚ್ಚಿ ನೀರು ಹುಯ್ದಾಗ, ‘ಅಜ್ಜಿ, ಇನ್ನೂ ಹುಯ್ಯಿ, ತಣ್ಣಗಾಗ್ತಿದೆ’ ಅಂದ್ಳು. ನಂಗೇನು ಗೊತ್ತಮ್ಮ?” ಮುದುಕಿ ದನಿ ತಗ್ಗಿಸಿದರು. “ಶಾಸ್ತ್ರಾನೇ ಸರಿ ಆಗ್ಲಿಲ್ಲ. ಅತ್ತಿಗೆಯಾದೋಳು ಮೊದಲು ಅರಿಶಿನ ಹಚ್ಬೇಕು. ಇವಳು ಫೋನ್ ಹಿಡ್ಕೊಂಡು ವೀಡಿಯೊ ತೆಗೀತಾ ಆ ಕಡೆ ಈ ಕಡೆ ಓಡಾಡಿದ್ಳೇ ಹೊರ್ತು ಬಟ್ಟಲು ಮುಟ್ಲಿಲ್ಲ. ಆಗ್ಲೇ ಅಂದ್ಕೊಂಡೆ, ಅಪಶಕುನ ಅಂತ.”

“ಸಮಾಧಾನ ಮಾಡ್ಕೊಳ್ಳಿ ಅಜ್ಜಿ,” ಎಂದಳು ಮಜೀದಾ. ಶಕುನ–ಅಪಶಕುನಕ್ಕೆ ಅವಳ ಬಳಿ ಸಮಯವಿರಲಿಲ್ಲ.

* * *

ಇಂದಿರಾನಗರದ ನೂರಡಿ ರಸ್ತೆಯಲ್ಲಿ, ಒಂದು ಕಾಲಕ್ಕೆ ಬಂಗಲೆಯಾಗಿದ್ದ ಕಟ್ಟಡದ ಮೇಲೆ ಜಿಮ್. ಪೊಲೀಸರನ್ನು ಕಂಡ ಭೀಮೇಶ್ ಕೈಯಲ್ಲಿದ್ದ ಕಬ್ಬಿಣವನ್ನು ಮೆಲ್ಲಗೆ ಕೆಳಗಿಟ್ಟ. ಯಾದಗಿರಿಯ ಗರಡಿಯಿಂದ ಬಂದವನು, ಕಟ್ಟುಮಸ್ತಾದ ಆಳು.

“ನಾ ಏನೂ ಮಾಡಿಲ್ರಿ ಸರ.”

“ಯಾರು ಮಾಡ್ಯಾರ ಹಂಗಾರ?” ಅಮರಪ್ಪ ಗುಡುಗಿದ. “ಪುಡಿ ಮಾರಿದಿ, ಇಲ್ಲೋ?”

“ಪ್ರೋಟೀನ್ ಮಾರೀನ್ರಿ. ಅದರಾಗೇನೈತ್ರಿ? ಹಾಲಿನ ಸತ್ವ. ಬ್ಯಾಳಿ, ತತ್ತಿ ತಿನ್ನಾಕ ಟೈಮ್ ಇಲ್ದೋರಿಗೆ ಚಲೋನ. ನಾನೂ ಕುಡೀತೀನಿ, ಇಲ್ಲಿ ಎಲ್ಲಾರೂ ಕುಡೀತಾರ.”

ಮಜೀದಾ ಕಪಾಟಿನ ಡಬ್ಬಗಳನ್ನು ಒಂದೊಂದೇ ತಿರುಗಿಸಿದಳು. ಎಲ್ಲವೂ ಬಿಲ್ಲಿನ ಸಮೇತ ಇದ್ದವು. ಒಂದು ಡಬ್ಬದ ಮೇಲೆ ಮಾತ್ರ ಲೈಸೆನ್ಸ್ ಸಂಖ್ಯೆಯೇ ಇರಲಿಲ್ಲ.

“ಇದು?”

ಭೀಮೇಶ್ ತಲೆ ತಗ್ಗಿಸಿದ. “ಅದು... ಒಬ್ಬಾವ ತಂದುಕೊಟ್ಟಿದ್ರಿ. ತಪ್ಪಾತು. ಆದ್ರ ಅದನ್ನ ಭವ್ಯ ಅವರಿಗೆ ಕೊಟ್ಟಿಲ್ಲ, ನಮ್ಮವ್ವನಾಣಿ.”

“ಸೀಲ್ ಮಾಡ್ತೀನಿ. ಕೇಸ್ ಬೇರೆ ಆಗುತ್ತೆ,” ಎಂದಳು ಮಜೀದಾ. “ಈಗ ನಿಜ ಹೇಳಿ. ಭವ್ಯ ಕೊನೇ ಸಲ ಬಂದಿದ್ದು ಯಾವಾಗ?”

“ಎರಡು ವಾರದ ಮ್ಯಾಲಾತ್ರಿ. ನಾನ ಕಳಿಸಿದೆ. ಟ್ರೆಡ್‌ಮಿಲ್ ಹತ್ತಿದ ಕೂಡ್ಲೆ ಏದುಸಿರು. ಏ.ಸಿ. ಮುಂದ ನಿಂತ್ರೂ ಬೆವರು ನಿಲ್ಲವಲ್ದು. ‘ಮೇಡಂ, ಡಾಕ್ಟರ್‌ಗೆ ತೋರಿಸ್ಕೊಂಡು ಬರ್ರಿ’ ಅಂದೆ. ‘ಕೊಬ್ಬು ಕರಗ್ತಿದೆ, ಅದಕ್ಕೇ ಬಿಸಿ’ ಅಂತ ನಕ್ಕರು.”

“ಕೊಬ್ಬು ಕರಗ್ತಿದೆ ಅಂತ ಅವಳಿಗೆ ಹೇಳಿದ್ಯಾರು?”

“ಗೊತ್ತಿಲ್ರಿ. ಅವರ ಟವೆಲ್ಲೂ ಪೂರಾ ಹಳದಿ ಆಗಿತ್ತು. ಮದುವಿ ಹುಡುಗಿ, ದಿನಾ ಅರಿಶಿಣ ಹಚ್ಕೊಂತಾರೇನೋ ಅಂದ್ಕೊಂಡೆ.”

ಮಜೀದಾ ಅವನ ಮುಖವನ್ನೇ ನೋಡಿದಳು. ಎರಡು ವಾರದ ಹಿಂದೆ? ಅರಿಶಿನ ಶಾಸ್ತ್ರ ಆದದ್ದು ನಿನ್ನೆ.

“ಅಮರಪ್ಪ ಸಾರ್, ನಡೀರಿ. ರಸೆಲ್ ಮಾರ್ಕೆಟ್.”

“ಇವನನ್ನ?”

“ಎಲ್ಲೂ ಹೋಗಲ್ಲ ಇವರು. ಅಲ್ವಾ?”

ಭೀಮೇಶ್ ಬೇಗ ಬೇಗ ತಲೆಯಾಡಿಸಿದ.

* * *

ರಸೆಲ್ ಮಾರುಕಟ್ಟೆಯ ಹಿಂಬದಿಯ ಓಣಿಯಲ್ಲಿ ಕಮರುನ್ನೀಸಾಳ ಗಿಡಮೂಲಿಕೆ ಅಂಗಡಿ. ಒಣ ಗುಲಾಬಿ ದಳ, ಅಂಟಿನುಂಡೆ, ಖರ್ಜೂರ, ಚೀಲ ಚೀಲ ಬೇರು. ಮಜೀದಾ ಚಿಕ್ಕವಳಿದ್ದಾಗ ತಾಯಿಯ ಜೊತೆ ಬರುತ್ತಿದ್ದ ಅಂಗಡಿ. ಇವತ್ತು ಅವಳು ಪೊಟ್ಟಣವನ್ನು ಗಲ್ಲೆಯ ಮೇಲೆ ಟಪ್ಪನೆ ಇಟ್ಟಳು.

“ಇದು ನಿಮ್ಮದೇನಾ ಖಾಲಾ?”

ಕಮರುನ್ನೀಸಾ ಕನ್ನಡಕ ಏರಿಸಿ ನೋಡಿದಳು. “ಹೌ, ನಂದೇ. ಸೋಂಪು, ಅಜ್ವಾನ, ಶುಂಠಿ. ಕುದಿಸಿ ಕುಡಿದ್ರೆ ಹೊಟ್ಟೆ ಹಗುರ. ಯಾಕ್ ಬೇಟಾ, ಏನಾಯ್ತು?”

“ಇದನ್ನ ತಗೊಂಡ ಹುಡುಗಿ ಸಾಯೋ ಸ್ಥಿತಿಯಲ್ಲಿದಾಳೆ.”

“ಯಾ ಅಲ್ಲಾ!” ಮುದುಕಿಯ ಕೈಯಿಂದ ತಕ್ಕಡಿ ಜಾರಿತು. “ಆ ಹಲಸೂರಿನ ಬಚ್ಚೀನಾ? ಶಾದಿ ಅಂದಿದ್ಳಲ್ಲ?”

“ತೂಕ ಇಳಿಯೋಕೆ ಬೇರೆ ಏನಾದ್ರೂ ಕೊಟ್ರಾ? ನಿಜ ಹೇಳಿ. ನೀವು ಅಂತ ನಾನು ಬಿಡಲ್ಲ.”

“ಕೇಳಿದ್ಳು. ನಕ್ಕೋ, ಬೇಡ ಬೇಟಾ ಅಂದೆ. ಇಷ್ಟು ಚಂದ ಇದ್ದೀಯಾ, ಯಾಕೆ ಒಣಗ್ತೀಯಾ ಅಂದೆ. ಕಸ್ತೂರಿ ಅರಿಶಿನ ಕೊಡ್ತೀನಿ, ಶಾದಿವರೆಗೂ ಮುಖಕ್ಕೆ ಹಚ್ಚು ಅಂದ್ರೆ ಅದೂ ಬೇಡ ಅಂದ್ಳು.”

ಮಜೀದಾ ಮುಂದಕ್ಕೆ ಬಾಗಿದಳು. “ಯಾಕೆ ಬೇಡ?”

“ಅರಿಶಿನ ಹಚ್ಚಿದ್ರೆ ಮೈ ತುರಿಕೆ ಬರುತ್ತಂತೆ. ಶಾಸ್ತ್ರದ ದಿನ ಅಜ್ಜಿಗೋಸ್ಕರ ಒಂಚೂರು ಹಚ್ಚಿಸ್ಕೊಂಡು ತಕ್ಷಣ ತೊಳ್ಕೋತೀನಿ ಅಂದ್ಳು.”

ದಿನವೂ ಅರಿಶಿನ ಹಚ್ಚದ ಹುಡುಗಿ. ಆದರೂ ಎರಡು ವಾರದ ಹಿಂದೆಯೇ ಹಳದಿಯಾದ ಟವೆಲು. ನಿನ್ನೆ ಶಾಸ್ತ್ರ ಮುಗಿದ ಮೇಲೆ ಮೈತುಂಬ ನೀರು ಹುಯ್ದಿದ್ದಾರೆ. ಆದರೂ ಇವತ್ತು ದಿಂಬು ಹಳದಿ.

ಫೋನು ಹೊಡೆದುಕೊಂಡಿತು. ವೈದ್ಯೆ.

“ಮೇಡಂ, ಏನಾದ್ರೂ ಸಿಕ್ತಾ? ಹುಡುಗಿ ಕೈ ಬಿಟ್ಟು ಹೋಗ್ತಿದಾಳೆ. ಮೈ ಬಣ್ಣ ಹಳದಿ ಆಗ್ತಿದೆ. ಕಾಮಾಲೆ ಅಂದ್ಕೊಂಡ್ವಿ — ಲಿವರ್ ರಿಪೋರ್ಟಲ್ಲಿ ಅಂಥದ್ದೇನೂ ಇಲ್ಲ. ಬೆವರೇ ಹಳದಿ!”

ಮಜೀದಾಳಿಗೆ ಓಣಿಯ ಗದ್ದಲವೆಲ್ಲ ಒಮ್ಮೆಲೇ ನಿಂತಂತಾಯಿತು.

“ಅಮರಪ್ಪ ಸಾರ್! ದಿಂಬಿನ ಕವರು! ಅದನ್ನ ನಾವು ತಗೊಳ್ಳಲೇ ಇಲ್ಲ!”

* * *

ಮನೆಯ ಹಿತ್ತಿಲಲ್ಲಿ ಕೆಲಸದ ಬಾಲಮ್ಮ ಒಗೆಯುವ ಕಲ್ಲಿನ ಮುಂದೆ ಕೂತಿದ್ದಳು. ಜೀಪಿನಿಂದ ಇಳಿದ ಮಜೀದಾ ಓಡಿಯೇ ಬಂದಳು.

“ನಿಲ್ಸಿ! ಮಹಡಿ ಮೇಲಿನ ಹಾಸಿಗೆ ಬಟ್ಟೆ ಎಲ್ಲಿ?”

“ಇದೇ ಅಮ್ಮಾ, ಸೋಪು ಹಾಕ್ಬಿಟ್ಟೆ. ಬೇಗ ಒಗೆದ್ಬಿಡು ಅಂತ ಸುಕನ್ಯಮ್ಮ ಫೋನ್ ಮಾಡಿದ್ರು.”

ಬಕೆಟ್ಟಿನಲ್ಲಿ ಎರಡು ಬಟ್ಟೆ. ಒಂದು, ಶಾಸ್ತ್ರದಲ್ಲಿ ಭವ್ಯಳಿಗೆ ಹೊದಿಸಿದ್ದ ಬಿಳಿ ಪಂಚೆ. ಇನ್ನೊಂದು, ದಿಂಬಿನ ಕವರು.

ಮಜೀದಾ ಎರಡನ್ನೂ ಎತ್ತಿ ಕಲ್ಲಿನ ಮೇಲೆ ಹರಡಿದಳು. ಕೂಡಲೇ ಆಸ್ಪತ್ರೆಯ ನಂಬರು ಒತ್ತಿದಳು.

“ಡಾಕ್ಟರ್, ಡೈನೈಟ್ರೋಫೀನಾಲ್ — ಡಿ.ಎನ್.ಪಿ. ಹೌದು, ಕೊಬ್ಬು ಕರಗಿಸೋದು ಅಂತ ಕಳ್ಳತನದಲ್ಲಿ ಮಾರ್ತಾರಲ್ಲ, ಅದೇ. ಲ್ಯಾಬ್ ರಿಪೋರ್ಟ್ ಕೈಯಲ್ಲಿಲ್ಲ, ಆದ್ರೆ ನನಗೆ ಅನುಮಾನ ಇಲ್ಲ. ಅದೇ ಅಂದ್ಕೊಂಡು ಶುರು ಮಾಡಿ!”

ಆ ಕಡೆಯಿಂದ ವೈದ್ಯೆ ಯಾರಿಗೋ ಕೂಗಿ ಹೇಳಿದರು: “ಐಸ್! ಎಷ್ಟಿದೆಯೋ ಅಷ್ಟೂ ತನ್ನಿ!”

ಕರೆ ಕಡಿದುಹೋಯಿತು.

* * *

ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಲೆಂದು ಪ್ರೇಮ್‌ಕುಮಾರ್ ಬಂದಿದ್ದ. ಜೊತೆಗೆ ಸುಕನ್ಯಳೂ. ಹಿತ್ತಿಲಲ್ಲಿ ಪೊಲೀಸರನ್ನು ಕಂಡು ಇಬ್ಬರೂ ಅಲ್ಲಿಗೇ ಬಂದರು.

“ಭೀಮೇಶ್ ಒಪ್ಕೊಂಡ್ನಾ?” ಪ್ರೇಮ್‌ಕುಮಾರ್ ಕೇಳಿದ.

“ಭೀಮೇಶ್ ಅಲ್ಲ,” ಎಂದಳು ಮಜೀದಾ.

“ಹಂಗಾದ್ರೆ ಆ ಶಿವಾಜಿನಗರದ ಹೆಂಗಸು—”

“ಅವರೂ ಅಲ್ಲ. ಇಲ್ಲಿ ನೋಡಿ ಪ್ರೇಮ್‌ಕುಮಾರ್. ಈ ಪಂಚೆ ಮೇಲಿನ ಕಲೆ ಯಾವ ಬಣ್ಣ?”

“ಕೆಂಪು.”

“ನಿನ್ನೆ ಯಾವ ಬಣ್ಣ ಇತ್ತು?”

ಉತ್ತರ ಕೊಟ್ಟವರು ನಡುಮನೆಯಿಂದ ಎದ್ದು ಬಂದಿದ್ದ ಮುನಿಶಾಮಮ್ಮ. “ಅರಿಶಿನ ಅಲ್ವೇನಮ್ಮ? ಸೋಪು ತಾಗಿದ್ರೆ ಅರಿಶಿನ ಕೆಂಪಾಗುತ್ತೆ. ಯಾವ ಹೆಂಗಸಿಗೆ ಗೊತ್ತಿಲ್ಲ?”

“ಎಲ್ಲರಿಗೂ ಗೊತ್ತು ಅಜ್ಜಿ. ನಂಗೂ ಗೊತ್ತಿತ್ತು. ಆದ್ರೂ ಬೆಳಿಗ್ಗೆ ಆ ದಿಂಬು ನೋಡಿ ಅರಿಶಿನ ಅಂತ ಸುಮ್ಮನಾದೆ. ಈಗ ಇದನ್ನ ನೋಡಿ.” ದಿಂಬಿನ ಕವರನ್ನು ಎತ್ತಿ ಹಿಡಿದಳು. ಅದೇ ಸೋಪು, ಅದೇ ನೀರು. ಕಲೆ ಕೆಂಪಾಗಿರಲಿಲ್ಲ, ಮೊದಲಿಗಿಂತ ಹೊಳೆಯುವ ಹಳದಿಯಾಗಿತ್ತು. “ಇದು ಅರಿಶಿನ ಅಲ್ಲ. ನಿಮ್ಮ ಮೊಮ್ಮಗಳ ಬೆವರು. ಅವಳ ಮೈಯೊಳಗೆ ಸೇರಿದ ವಿಷದ ಬಣ್ಣ. ಕಾರ್ಖಾನೆಯಲ್ಲಿ ಬಣ್ಣ, ಕಳೆನಾಶಕ ಮಾಡೋಕೆ ಬಳಸ್ತಿದ್ದ ರಾಸಾಯನಿಕ. ಮನುಷ್ಯ ತಿಂದ್ರೆ ಕೊಬ್ಬು ಕರಗುತ್ತೆ, ನಿಜ. ಒಲೆಗೆ ಮನೆಯ ತೊಲೆಗಳನ್ನೇ ಕಿತ್ತು ಹಾಕಿದ ಹಾಗೆ! ಮೈ ಬಿಸಿ ಏರ್ತಾನೇ ಹೋಗುತ್ತೆ, ಇಳಿಸೋಕೆ ಮದ್ದಿಲ್ಲ. ಇದನ್ನ ತಿನ್ನೋ ವಸ್ತುವಾಗಿ ಮಾರೋ ಹಾಗೇ ಇಲ್ಲ.”

“ಯಾರು?” ಪ್ರೇಮ್‌ಕುಮಾರ್ ಕವರನ್ನು ಕಿತ್ತುಕೊಂಡ. “ಯಾರು ಕೊಟ್ಟಿದ್ದು?”

“ಆ ಪುಡಿ ಮುಟ್ಟಿದವರ ಕೈಗೂ ಇದೇ ಹಳದಿ ಹತ್ತುತ್ತೆ. ಬೇಗ ಹೋಗಲ್ಲ. ಸುಕನ್ಯ, ನಿಮ್ಮ ಬೆರಳು ಯಾಕೆ ಹಳದಿಯಾಗಿದೆ?”

ಸುಕನ್ಯ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಇದೇನ್ ಮೇಡಂ ಹೀಗೆ ಕೇಳ್ತೀರಾ? ನಿನ್ನೆ ಶಾಸ್ತ್ರ ಇತ್ತಲ್ಲ. ಅರಿಶಿನ.”

“ನೀನು ಬಟ್ಟಲು ಮುಟ್ಲೇ ಇಲ್ವಲ್ಲೇ,” ಎಂದರು ಮುನಿಶಾಮಮ್ಮ. ಆಪಾದನೆಯ ದನಿಯಿರಲಿಲ್ಲ, ಬರೀ ಗೊಂದಲವಿತ್ತು.

ಮಜೀದಾ ಸೋಪಿನ ತುಂಡನ್ನು ಮುಂದೆ ಚಾಚಿದಳು. “ಅರಿಶಿನ ಆಗಿದ್ರೆ ಕೆಂಪಾಗುತ್ತೆ. ತೊಳ್ಕೊಳ್ಳಿ.”

ಸುಕನ್ಯ ಸೋಪು ಮುಟ್ಟಲಿಲ್ಲ. ಗಂಡ ಅವಳ ಕೈ ಹಿಡಿದು ಎಳೆದ. ತಾನೇ ನೀರು ಹಾಕಿದ, ತಾನೇ ಸೋಪು ಉಜ್ಜಿದ. ಉಜ್ಜಿದಷ್ಟೂ ಉಜ್ಜಿದ. ಬಿಳಿ ನೊರೆಯ ನಡುವೆ ಬೆರಳುಗಳು ಹಳದಿಯಾಗಿಯೇ ಉಳಿದವು.

“ಬಿಡ್ರೀ!” ಸುಕನ್ಯ ಕಿರುಚಿದಳು. “ನಾನೇನು ಸಾಯ್ಲಿ ಅಂತ ಕೊಟ್ನಾ? ಅವಳೇ ಕೇಳಿದ್ಳು. ‘ಮದುವೆ ಹೊತ್ತಿಗೆ ಸಣ್ಣ ಮಾಡಿ ಅತ್ತಿಗೆ’ ಅಂದ್ಳು. ನನ್ನ ಪೇಜಿಗೆ ಒಂದು ಮದುಮಗಳ ಫೋಟೊ ಬೇಕಿತ್ತು — ಮೊದಲು ಹೇಗಿದ್ಳು, ಈಗ ಹೇಗಿದ್ದಾಳೆ ಅಂತ. ಎಲ್ಲರೂ ಮಾಡೋದೇ ಅದು. ಪುಡಿ ಆನ್‌ಲೈನಲ್ಲಿ ಸಿಗ್ತು, ನಾನು ಕ್ಯಾಪ್ಸೂಲಿಗೆ ತುಂಬಿದೆ. ಎಷ್ಟು ಚೆನ್ನಾಗಿ ಇಳೀತಿದ್ಳು! ಮೊನ್ನೆ ರವಿಕೆ ಇನ್ನೂ ಬಿಗಿ ಅಂತ ಅತ್ಳು. ಇನ್ನೊಂದು ತಗೋ ಅಂದೆ. ಅಷ್ಟೇ! ಹೀಗಾಗುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ!”

“ಗೊತ್ತಿರ್ಲಿಲ್ವಾ?” ಮಜೀದಾಳ ದನಿ ಏರಲಿಲ್ಲ. “ಹಂಗಾದ್ರೆ ಬಾಟ್ಲು ಯಾಕೆ ಬದಲಾಯಿಸಿದ್ರಿ? ಬೆಳಿಗ್ಗೆ ಇವರು ಅವಳನ್ನ ಎತ್ಕೊಂಡು ಮೆಟ್ಟಿಲಿಳೀತಿದ್ದಾಗ ನೀವು ಹಿಂದೆ ಉಳ್ಕೊಂಡು ವಿಷದ ಬಾಟ್ಲು ಬಚ್ಚಿಟ್ರಿ. ಅಂಗಡಿಯ ಒಳ್ಳೇ ಬಾಟ್ಲು ಇಟ್ರಿ. ಅದರಿಂದಲೇ ನಮ್ಮೆದುರಿಗೆ ನುಂಗಿ ತೋರಿಸಿದ್ರಿ. ಆಮೇಲೆ ಈ ಬಟ್ಟೆ ಬೇಗ ಒಗೆಸೋಕೆ ಹೇಳಿದ್ರಿ. ಹಳದಿ ಅಂದ್ರೇನು ಅಂತ ಈ ಮನೆಯಲ್ಲಿ ನಿಮ್ಮೊಬ್ಬರಿಗೇ ಗೊತ್ತಿತ್ತು.”

ಸುಕನ್ಯ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಾಗಿಲ ಕಡೆ ತಿರುಗಿದಳು. ಮಜೀದಾ ಅಡ್ಡ ನಿಂತಳು.

“ಕೊಟ್ಟಿದ್ದು ದುರಾಸೆ, ದಡ್ಡತನ ಅನ್ನಬಹುದು. ಆದ್ರೆ ಡಾಕ್ಟರು ‘ಏನು ತಗೊಂಡ್ಳು, ಹೇಳಿ, ಟೈಮಿಲ್ಲ’ ಅಂತ ಬೇಡ್ಕೋತಿದ್ರಲ್ಲ, ನೀವು ಅಲ್ಲೇ ನಿಂತಿದ್ರಿ. ಒಂದು ಮಾತು ಹೇಳಿದ್ರೆ ಸಾಕಿತ್ತು. ನೀವು ಭೀಮೇಶ್ ಅಂದ್ರಿ. ಕಮರುನ್ನೀಸಾ ಅಂದ್ರಿ. ಅವಳು ಸುಡ್ತಾನೇ ಇದ್ಳು.”

ಇಷ್ಟರಲ್ಲಿ, ಮನೆ ಹುಡುಕಲು ಹೋಗಿದ್ದ ಅಮರಪ್ಪ ಮಹಡಿಯಿಂದ ಇಳಿದು ಬಂದ. ಅಟ್ಟದ ಮೇಲಿನ ಹಿತ್ತಾಳೆ ಹಂಡೆಯೊಳಗೆ ಸಿಕ್ಕಿದ್ದು ಅವನ ಕೈಯಲ್ಲಿತ್ತು: ಹಳದಿ ಪುಡಿಯ ಪ್ಲಾಸ್ಟಿಕ್ ಚೀಲ, ಖಾಲಿ ಕ್ಯಾಪ್ಸೂಲುಗಳು, ಅಚ್ಚು ಹಾಕಿಸಿದ ಹಸಿರು ಲೇಬಲ್ಲುಗಳ ಸುರುಳಿ, ಅರ್ಧ ಖಾಲಿಯಾದ ಒಂದು ಬಾಟಲಿ.

“ಇನ್ನೂ ಯಾರಿಗೆ ಕೊಟ್ಟೀರಿ?” ಅಮರಪ್ಪ ಕೇಳಿದ. “ಹೆಸರು ಹೇಳ್ರಿ.”

ಮಜೀದಾ ಸುಕನ್ಯಳ ಫೋನನ್ನು ಅವಳ ಕೈಗೇ ಕೊಟ್ಟಳು.

“ನೀವೇ ಮಾಡಿ. ಸ್ಪೀಕರ್ ಹಾಕಿ. ನಿಮ್ಮ ದನಿ ಆದ್ರೆ ನಂಬ್ತಾರೆ. ‘ನಾನು ಕೊಟ್ಟಿದ್ದು ವಿಷ, ತಿನ್ಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ’ — ಇಷ್ಟೇ ಹೇಳಿ.”

ಸುಕನ್ಯ ಒಬ್ಬೊಬ್ಬರಿಗೇ ಕರೆ ಮಾಡಿದಳು. ದೊಮ್ಮಲೂರಿನ ಒಬ್ಬಳು ಬೈದಳು. ಕಾಕ್ಸ್ ಟೌನಿನ ಒಬ್ಬಳು ಅಳತೊಡಗಿದಳು. ಟಿನ್ ಫ್ಯಾಕ್ಟರಿ ಹತ್ತಿರ ಬಾಡಿಗೆ ಕೋಣೆಯಲ್ಲಿದ್ದ ಸುಜಾತಾ ಎಂಬಾಕೆ ಮಾತ್ರ ಫೋನು ಎತ್ತಲೇ ಇಲ್ಲ. ಅಮರಪ್ಪ ಕೆ.ಆರ್. ಪುರ ಠಾಣೆಗೆ ವೈರ್‌ಲೆಸ್ಸಿನಲ್ಲಿ ಕೂಗಿ ಹೇಳಿದ. ಅವರು ಬಾಗಿಲು ಬಡಿದಾಗ ಆಕೆ ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು, ಬಕೆಟ್ಟಿನ ತಣ್ಣೀರಿನಲ್ಲಿ ಕಾಲಿಟ್ಟು ಕೂತಿದ್ದಳಂತೆ. ಸೆಖೆ ಅಂದುಕೊಂಡಿದ್ದಳು. ಅವಳನ್ನು ಹೊತ್ತ ಜೀಪು ಸಂಜೆಯ ಟ್ರಾಫಿಕ್ ಸೀಳಿಕೊಂಡು ಆಸ್ಪತ್ರೆ ಮುಟ್ಟಿದ ಸುದ್ದಿ ಬರುವವರೆಗೂ ಮಜೀದಾ ಹಿತ್ತಿಲ ಕಲ್ಲಿನ ಮೇಲಿಂದ ಏಳಲಿಲ್ಲ.

ಪ್ರೇಮ್‌ಕುಮಾರ್ ಹೆಂಡತಿಯ ಕಡೆ ಒಮ್ಮೆಯೂ ನೋಡಲಿಲ್ಲ. ಮಹಿಳಾ ಪೇದೆ ಅವಳನ್ನು ಕರೆದೊಯ್ಯುವಾಗಲೂ ಅವನು ನಲ್ಲಿಯ ಕೆಳಗೆ ತನ್ನ ಕೈಗಳನ್ನು ತೊಳೆಯುತ್ತಲೇ ಇದ್ದ.

* * *

ಭವ್ಯ ಬದುಕಿದಳು. ಮಂಜುಗಡ್ಡೆಯ ನಡುವೆ, ಕೊಳವೆಗಳ ನಡುವೆ, ಆ ರಾತ್ರಿ ದಾಟಿದರೆ ಹೆಚ್ಚು ಎಂದಿದ್ದರು ವೈದ್ಯೆ. ದಾಟಿದಳು. ಪ್ರಯೋಗಾಲಯದ ವರದಿ ಮಜೀದಾಳ ಅನುಮಾನವನ್ನೇ ಖಚಿತಪಡಿಸಿತು. ಸುಜಾತಾ ಅದಕ್ಕೂ ಮುಂಚೆಯೇ ಮನೆಗೆ ಹೋಗಿದ್ದಳು.

ಹುಡುಗಿಗೆ ಚೆನ್ನಾಗಿ ಎಚ್ಚರವಾದ ದಿನ ಹೇಳಿಕೆ ಪಡೆಯಲೆಂದು ಮಜೀದಾ ಮತ್ತು ಅಮರಪ್ಪ ಆಸ್ಪತ್ರೆಗೆ ಹೋದರು. ಮಂಚದ ಒಂದು ಬದಿಗೆ ಅಜ್ಜಿ, ಇನ್ನೊಂದು ಬದಿಗೆ ಅಣ್ಣ. ಯಾರೂ ಇನ್ನೂ ಅವಳಿಗೆ ಏನನ್ನೂ ಹೇಳಿರಲಿಲ್ಲ. ಹೇಗೆ ಹೇಳುವುದೆಂದು ಮಜೀದಾಳಿಗೂ ತಿಳಿದಿರಲಿಲ್ಲ.

ಭವ್ಯಳೇ ಕಣ್ಣು ತೆರೆದು ಕೋಣೆಯ ಸುತ್ತ ಹುಡುಕಿದಳು. ಕೊಳವೆ ತೆಗೆದ ಗಂಟಲಿನಿಂದ ದನಿ ಗೊರಗೊರ ಬಂತು.

“ಅತ್ತಿಗೆ ಎಲ್ಲಿ? ಅವರಿಗೇನೂ ಆಗಿಲ್ಲ ತಾನೆ? ನನ್ನ ಜೊತೆ ಅವರೂ ಅದನ್ನೇ ತಗೋತಿದ್ರು ಅಜ್ಜಿ. ಬೇಗ ಹೇಳು ಅವರಿಗೆ.”

ಪ್ರೇಮ್‌ಕುಮಾರ್ ಎದ್ದು ಹೊರಗೆ ನಡೆದುಬಿಟ್ಟ. ಅಮರಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದ.

ಮುನಿಶಾಮಮ್ಮ ಮೊಮ್ಮಗಳ ಹಣೆಯ ಮೇಲೆ ಕೈಯಿಟ್ಟರು.

“ಅವಳಿಗೇನೂ ಆಗಿಲ್ಲ ಮಗಾ,” ಎಂದರು. “ಅವಳು ಯಾವತ್ತೂ ತಗೊಂಡೇ ಇರ್ಲಿಲ್ಲ.”